ಸೌಟಿಗಾಗಿ ಕಾದವಳು

ಬಡಗಣ ದಿಕ್ಕಿಗೆ ಹೋಗಿ ಹೋಗಿ, ದಾರಿ ಕೇಳಲು ಜನವೇ ಸಿಗದಷ್ಟು ದೂರ ಹೋದ ಮೇಲೆ ಒಂದು ಊರು. ಊರಿಗಿಂತ ದೊಡ್ಡದು ಅದರ ಕೆರೆ. ಬೇಸಿಗೆ ಅಲ್ಲಿ ನೆಂಟರ ಹಾಗೆ ಬಂದು, ಕಾಲು ತೊಳೆದು, ಎರಡು ಮಾತಾಡಿ ಹೊರಟುಬಿಡುತ್ತದೆ. ಚಳಿಗಾಲ ಮನೆಯವರ ಹಾಗೆ ಉಳಿದುಕೊಳ್ಳುತ್ತದೆ. ಆಗ ಕೆರೆಯೆಲ್ಲ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ಜನ ಅದರ ಮೇಲೆ ನಡೆದುಹೋಗಿ, ಬೈರಿಗೆಯಿಂದ ತೂತು ಕೊರೆದು, ತೂತಿನ ಪಕ್ಕ ಕೂತು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರೆ. ಬೇರೆ ಬೆಳೆಯಿಲ್ಲ, ಬೇರೆ ಸಂತೆಯಿಲ್ಲ. ಗಡ್ಡೆಯ ಮೇಲೆ ಕಾಲಿಡಲಾರದವನಿಗೆ ಆ ಊರಿನಲ್ಲಿ ಚಳಿಗಾಲ ಕಳೆಯುವುದು ಕಷ್ಟ.

ಬೇರೆ ಕೆರೆಗಳಲ್ಲಿ ಚಳಿ ಏರಿದಷ್ಟೂ ಗಡ್ಡೆ ದಪ್ಪವಾಗುತ್ತದಂತೆ. ಈ ಕೆರೆಗೆ ಚಳಿಯೊಂದೇ ಸಾಲದು. ಗಡ್ಡೆಯ ಮೇಲೆ ಹೋದವನಿಗಾಗಿ ದಡದಲ್ಲಿ ಯಾರಾದರೂ ಕಾಯುತ್ತಿರಬೇಕು. ಕಾಯುವವರಿದ್ದರೆ ಅವನ ಕಾಲಡಿಯಲ್ಲಿ ಗಡ್ಡೆ ಕಪ್ಪಗೆ ಕಲ್ಲಾಗುತ್ತದೆ. ಕಾಯುವವರಿಲ್ಲದಿದ್ದರೆ, ಎಂಥ ಕೊರೆಯುವ ಚಳಿಯೇ ಇರಲಿ, ಬೆಳ್ಳಗೆ ಪೊಳ್ಳಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ಇಷ್ಟೇ ಕಟ್ಟಳೆ. ಇದನ್ನು ಯಾರು ಮಾಡಿದರು ಎಂದರೆ, ಹೋಗಿ ಕೆರೆಯನ್ನೇ ಕೇಳು ಅನ್ನುತ್ತಾರೆ.

ಅದಕ್ಕೇ ಅಲ್ಲಿ ಯಾರೂ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ. ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಕಾಯುವವರು ಹೋಗುವವರ ಬೆನ್ನ ಮೇಲೆ ಕೈಯಿಟ್ಟು ‘ಹೋಗಿ ಬಾ’ ಅನ್ನುತ್ತಾರೆ. ಹೊತ್ತು ವಾಲಿದಾಗ ದಡದುದ್ದಕ್ಕೂ ನಿಂತು ‘ಅನ್ನ ಆರ್ತಾ ಇದೆ, ಬಾ’ ಎಂದು ಕೂಗುತ್ತಾರೆ. ಹೋಗಿ ಬರ್ತೀನಿ, ಹೋಗಿ ಬಾ, ಅನ್ನ ಆರ್ತಾ ಇದೆ. ಈ ಮೂರು ಮಾತಿನ ಮೇಲೆ ಊರು ನಿಂತಿದೆ. ಹೊಸದಾಗಿ ಮದುವೆಯಾದವನು ಮೊದಲ ಚಳಿಗೇ, ಹಾಲಿನ ಕೆನೆಯಷ್ಟು ತೆಳು ಗಡ್ಡೆಯ ಮೇಲೆ ಸಿಳ್ಳೆ ಹಾಕಿಕೊಂಡು ಹೋಗಿಬಿಡುತ್ತಾನೆ. ಮದುವೆ ಹಳೆಯದಾದವರು ಚಳಿ ಬಲಿಯಲಿ ಎಂದು ಸ್ವಲ್ಪ ದಿನ ತಡೆಯುತ್ತಾರೆ. ದಿನಾ ಬೆಳಗ್ಗೆ ಕಬ್ಬಿಣದ ಸಲಾಕೆಯಿಂದ ಗಡ್ಡೆ ಬಡಿದು, ಸದ್ದು ಕೇಳಿ, ಯಾರು ಎಲ್ಲಿಯವರೆಗೆ ಹೋಗಬಹುದೆಂದು ಹೇಳುವವನೊಬ್ಬನಿದ್ದಾನೆ, ಸಲಾಕೆಯವನು. ಯಾವ ತಾಯಿಗೆ ಯಾವ ಮಗನ ಮೇಲೆ ಒಂದು ಹಿಡಿ ಪ್ರೀತಿ ಹೆಚ್ಚು ಅನ್ನುವುದೂ ಅವನಿಗೆ ಗೊತ್ತು. ಆದರೆ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟಿದ್ದರೆ ಅವನಿಗೆ ಯಾರೂ ಕಾಯುತ್ತಿರಲಿಲ್ಲ.

ಆ ಊರಿನಲ್ಲಿ, ದಡಕ್ಕೆ ತೀರ ಹತ್ತಿರದ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ಇನ್ನೊಂದು ಮೀನು, ಇನ್ನೊಂದೇ ಮೀನು ಅನ್ನುವ ಜಾತಿಯವನು. ಎಲ್ಲರೂ ಬಂದ ಮೇಲೆ ಬರುತ್ತಿದ್ದ. ಅವಳು ಅರ್ಧ ಆಯುಷ್ಯ ದಡದಲ್ಲಿ ನಿಂತು ಕಳೆದಳು. ಕಾಲ್ಬೆರಳು ಮರಗಟ್ಟಿದವು, ಕೂಗಿ ಕೂಗಿ ಗಂಟಲು ಒರಟಾಯಿತು. ಕೆರೆ ಮಾತ್ರ ಅವನಿಗೆ ಒಂದು ದಿನವೂ ಮೋಸ ಮಾಡಲಿಲ್ಲ. ಕೊನೆಗೆ ಅವನು ತನ್ನ ಹಾಸಿಗೆಯಲ್ಲೇ, ಜ್ವರ ಬಂದು, ಅವಳ ಕೈ ಹಿಡಿದುಕೊಂಡೇ ಹೋದ. ಅವಳು ಅತ್ತಳು, ಮನಸಾರೆ ಅತ್ತಳು. ಅಳು ಮುಗಿದ ಮೇಲೆ ಬಂದ ಮೊದಲ ಚಳಿಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂತಾಗ, ಕಾಲು ಬೆಚ್ಚಗಿರುವುದೆಂದರೇನು ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಅವಳಿಗೆ ಬಹಳ ಹಿಡಿಸಿತು.

“ಸತ್ತವರಿಗೆ ಗಡ್ಡೆ ಬೇಕಾಗಿಲ್ಲ, ನನಗೆ ದಡ ಬೇಕಾಗಿಲ್ಲ” ಎಂದು ಬಂದವರಿಗೆಲ್ಲ ಹೇಳಿದಳು. “ಇನ್ನು ನಾನು ಯಾರಿಗೂ ಕಾಯೋದಿಲ್ಲ.” ಬಲೆ ಹೆಣೆದುಕೊಟ್ಟು, ಅದಕ್ಕೆ ಬದಲಾಗಿ ಬಂದ ಮೀನು ತಿಂದುಕೊಂಡು ಇದ್ದಳು. ಊರವರು ಅವಳಿಗೆ ಕಾಯದವಳು ಎಂದೇ ಹೆಸರಿಟ್ಟರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಇನ್ನೊಂದು ಚಕ್ಕೆ ಸೌದೆ ಒಳಗೆ ತಳ್ಳಿದಳು.

ಹೀಗಿರುವಾಗ ಒಂದು ಚಳಿಗಾಲದ ಮೊದಲಿಗೆ ಹೊಸಬನೊಬ್ಬ ಬಂದ. ಕೈ ಬೀಸಿಕೊಂಡು ಬಂದಿದ್ದ, ಒಂದು ಗಂಟೂ ಇರಲಿಲ್ಲ. ಎಲ್ಲಿಯವನಪ್ಪಾ ಎಂದರೆ ಹಿಂದಕ್ಕೆ ಕೈ ತೋರಿಸಿದ. ಅಲ್ಲಿ ಯಾರಿದ್ದಾರೆ ಎಂದರೆ, ಇದ್ದರು, ಅಂದ. ಊರವರು ಒಳ್ಳೆಯವರು. ದಡದ ಮೇಲಿನ ದೋಣಿಮನೆಯಲ್ಲಿ ಜಾಗ ಕೊಟ್ಟರು, ಒಂದು ಗಾಳ ಕೊಟ್ಟರು, ಕಟ್ಟಳೆ ತಿಳಿಸಿದರು. ಆಮೇಲೆ ಇವನಿಗಾಗಿ ಕಾಯುವವರು ಯಾರು ಅನ್ನುವ ಪ್ರಶ್ನೆ ಬಂತು. ಎಲ್ಲರೂ ಸೇರಿ ಕಾಯೋಣ ಎಂದರು. ಊರಿಗೆ ಊರೇ ದಡದಲ್ಲಿ ನಿಂತು ‘ಹೋಗಿ ಬಾ’ ಎಂದಿತು. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲವಲ್ಲ, ಹಾಗಾಯಿತು. ಅವಳು ಕಾಯುತ್ತಾಳೆ ಎಂದು ಇವನು, ಇವನು ಕಾಯುತ್ತಾನೆ ಎಂದು ಅವಳು. ಹೊಸಬ ಕಾಲಿಟ್ಟ, ಗಡ್ಡೆ ಬೆಳ್ಳಗಾಯಿತು, ಅವನು ಸೊಂಟದವರೆಗೆ ನೀರಿಗಿಳಿದ.

ತೀರ ಹತ್ತಿರದ ಮನೆ ಕಾಯದವಳದು. ಅವನನ್ನು ಎಳೆದುಕೊಂಡು ಬಂದು ಅವಳ ಒಲೆಯ ಮುಂದೆಯೇ ಕೂರಿಸಿದರು. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ಮೀನಿನ ಸಾರು ಬಿಸಿ ಮಾಡಿ ಮುಂದಿಟ್ಟಳು.

“ಕುಡಿ. ಕುಡಿದು ಬಟ್ಟೆ ಒಣಗಿದ ಮೇಲೆ ನಿನ್ನ ದಾರಿ ನಿನಗೆ” ಎಂದಳು. “ನಾನು ಯಾರಿಗೂ ಕಾಯೋದಿಲ್ಲ, ಮೊದಲೇ ಹೇಳಿಬಿಟ್ಟಿದೀನಿ.”

“ಗೊತ್ತಮ್ಮಾ, ಹೇಳಿದ್ರು” ಎಂದ ಅವನು.

ಮರುದಿನ ಅವಳು ಬಾಗಿಲು ತೆಗೆದರೆ ಹಿತ್ತಿಲ ಸೌದೆಯೆಲ್ಲ ಒಡೆದು ಒಟ್ಟಿತ್ತು. ಸಾರು ಕೊಟ್ಟಳು. ಅದರ ಮರುದಿನ ಅಂಗಳದ ಹಿಮವನ್ನೆಲ್ಲ ಎತ್ತಿ ಹಾಕಿದ್ದ. ಸಾರು ಕೊಟ್ಟಳು. ಆಮೇಲೆ ಮಾಡಲು ಕೆಲಸ ಉಳಿಯಲಿಲ್ಲ, ಅವನು ಬರುವುದನ್ನು ನಿಲ್ಲಿಸಿದ. ಅವಳೇ ಸಾರಿನ ಚೊಂಬು ಹಿಡಿದು ದೋಣಿಮನೆಗೆ ಹೋದಳು. ಅವನ ಕೆನ್ನೆ ಒಳಗೆ ಹೋಗಿತ್ತು.

“ಯಾಕೆ ಬರಲಿಲ್ಲ?”

“ಕೂತು ತಿನ್ನೋದು ಗಂಟಲಲ್ಲಿ ಇಳಿಯಲ್ಲಮ್ಮಾ.”

“ಗಂಟಲು ದೊಡ್ಡ ಸಾಹುಕಾರರದು!” ಎಂದು ಅವಳು ಬೈದಳು. ಆದರೆ ಮನೆಗೆ ಬಂದರೆ ಅವಳ ಗಂಟಲಲ್ಲೂ ತುತ್ತು ಇಳಿಯಲಿಲ್ಲ. ಇದೊಳ್ಳೆ ಪೀಡೆ ಗಂಟುಬಿತ್ತಲ್ಲ ಎಂದುಕೊಂಡಳು. ಹೊಸಬ ಗಡ್ಡೆಯ ಮೇಲೆ ಹೋಗಬೇಕು, ತಾನು ಅವನಿಗಾಗಿ ಕಾಯಬಾರದು. ಎರಡೂ ಆಗುವಂಥ ಉಪಾಯ ಯಾವುದು? ಯೋಚಿಸಿ ಯೋಚಿಸಿ ಮೂಲೆಯಲ್ಲಿದ್ದ ಬಿರುಕು ಮಡಕೆಯನ್ನು ಎತ್ತಿಕೊಂಡು ಹೋಗಿ ಅವನ ಕೈಗೆ ಕೊಟ್ಟಳು.

“ಇದು ನನ್ನ ಮಡಕೆ. ನಿನಗೆ ಕೊಟ್ಟದ್ದಲ್ಲ, ಎರವಲು. ವಾಪಸ್ ಬರೋವರೆಗೆ ನಾನು ಮಡಕೆಗೆ ಕಾಯ್ತೀನಿ. ನಿನಗಲ್ಲ. ತಿಳೀತಾ?”

ಅವನು ಮಡಕೆ ಹಿಡಿದು ಕಾಲಿಟ್ಟ. ಗಡ್ಡೆ ಮುರಿಯಿತು. ಈ ಸಲ ಮೊಳಕಾಲವರೆಗೆ.

ಸಲಾಕೆಯವನಿಗೆ ನಗು ತಡೆಯಲಾಗಲಿಲ್ಲ. “ಆ ಮಡಕೆ ಹೋದರೆ ಶನಿ ಹೋಯ್ತು ಅಂತ ನಿನಗೇ ಅನ್ನಿಸಿತ್ತು ತಾನೆ? ಗಡ್ಡೆಗೆ ಗೊತ್ತಾಗಲ್ವಾ? ಅದಕ್ಕೇನು ಬುದ್ಧಿಯಿಲ್ವಾ?”

ಅವಳಿಗೆ ರೇಗಿತು. ದಡದಡ ಮನೆಗೆ ಹೋಗಿ ತೂತಿನ ಸೌಟು ತಂದಳು. ಮೀನು ಕರಿಯುವಾಗ ಎಣ್ಣೆಯಿಂದ ಎತ್ತುವ ಸೌಟು. ಹಿಡಿ ಅವಳ ಕೈಗೇ ಸವೆದು, ಅವಳ ಹೆಬ್ಬೆರಳಿಗೆ ಸರಿಯಾಗಿ ಗುಳಿ ಬಿದ್ದಿತ್ತು. ಬೇರೆ ಸೌಟಿನಲ್ಲಿ ಎತ್ತಿದ ಮೀನು ಅವಳಿಗೆ ರುಚಿಸುತ್ತಿರಲಿಲ್ಲ.

“ತಗೋ. ಕೊರೆದ ತೂತಿನಲ್ಲಿ ಗಡ್ಡೆಪುಡಿ ತುಂಬುತ್ತಲ್ಲ, ಅದನ್ನೆತ್ತೋಕೆ ಆಗುತ್ತೆ. ಇದನ್ನೇನಾದರೂ ಕಳೆದೆಯೋ, ಆಮೇಲೆ ನನ್ನ ಕೈಗೆ ಸಿಕ್ಕಬೇಡ!”

ಅವನು ಕಾಲಿಟ್ಟ. ಗಡ್ಡೆ ಕಪ್ಪಗಾಯಿತು. ಇನ್ನೊಂದು ಕಾಲಿಟ್ಟ. ಕಪ್ಪಗಾಯಿತು. ಒಣಗಿದ ಜೊಂಡಿನವರೆಗೆ ಹೋಗಿ ನಿಂತು ತಿರುಗಿ ನೋಡಿ ನಕ್ಕ. ಅವನು ನಕ್ಕದ್ದನ್ನು ಊರು ನೋಡಿದ್ದು ಅದೇ ಮೊದಲು. ಸೌಟಿನ ತೂಕದ ಕಾಯುವಿಕೆ ಅಲ್ಲಿಯವರೆಗೇ. ಅಲ್ಲಿ ಬೆರಳುದ್ದದ ಮೀನುಗಳಷ್ಟೇ ಇದ್ದವು. ಆದರೂ ಅವು ಅವನು ಹಿಡಿದ ಮೀನುಗಳು.

ಹೊತ್ತು ವಾಲಿತು. ದಡದಲ್ಲಿ ಎಲ್ಲರೂ ‘ಅನ್ನ ಆರ್ತಾ ಇದೆ, ಬಾ’ ಎಂದು ಕೂಗಿದರು. ಸಾಲಿನ ಕೊನೆಯಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ವರ್ಷಗಳಿಂದ ದಡಕ್ಕೆ ಬಾರದವಳು ಕೂಗಿದಳು: “ಸೌಟು ತಗೊಂಡು ಬಾ!”

ಹೀಗೆ ದಿನವೂ ನಡೆಯಿತು. ಬೆಳಗ್ಗೆ ಸೌಟು ಹೋಗುವುದು, ಸಂಜೆ ಸೌಟು ಬರುವುದು. ಬಂದ ಸೌಟಿನಲ್ಲೇ ಮೀನು ಕರಿಯುವುದು. ಉಂಡ ಮೇಲೆ ತೊಳೆದ ಸೌಟು ಮತ್ತೆ ಅವನ ಕಂಕುಳಿಗೆ. ಎದುರುಮನೆಯವಳು ಬೇಲಿಯ ಮೇಲಿಂದ ಇಣುಕಿ, “ಏನಕ್ಕಾ, ಸೌಟು ಚೆನ್ನಾಗಿದೆಯಾ? ಊಟ ಮಾಡ್ತಾ? ರಾತ್ರಿ ನಿದ್ದೆ ಬಂತಂತಾ?” ಎಂದು ಕೇಳುವಳು. “ಸೌಟಿಗೇನು, ಗುಂಡುಕಲ್ಲಿನ ಹಾಗಿದೆ” ಎಂದು ಇವಳು ಬಾಗಿಲು ಹಾಕಿಕೊಳ್ಳುವಳು.

ಬೆರಳುದ್ದದ ಮೀನಿನಲ್ಲಿ ಇಬ್ಬರ ಹೊಟ್ಟೆ ತುಂಬುವುದು ಹೇಗೆ? ದೊಡ್ಡ ಮೀನಿರುವುದು ಕೆರೆಯ ನಟ್ಟನಡುವೆ, ನಡುಗೆರೆಯಲ್ಲಿ. ಒಂದು ದಿನ ಅವಳು ಗಂಡ ಕೂರುತ್ತಿದ್ದ ಮಣೆಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, “ನಿಂತೇ ಮೀನು ಹಿಡಿದರೆ ಮೀನಿಗೆ ಮರ್ಯಾದೆ ಇರಲ್ಲ” ಎಂದು ಕೊಟ್ಟಳು. ಅಂದು ಗಡ್ಡೆ ಅವನನ್ನು ಜೊಂಡು ದಾಟಿಸಿ, ಕೆರೆಯೊಳಗಿನ ಕರಿಬಂಡೆಯವರೆಗೆ ಹೊತ್ತಿತು. ಚಳಿ ಮುರಿದುಕೊಂಡು ಬಿದ್ದ ಇನ್ನೊಂದು ದಿನ, ತನ್ನ ಹೊದಿಕೆಯ ಕೌದಿಯನ್ನೇ ಮಡಚಿ ಕೊಟ್ಟಳು. ಗಂಡನ ಅಂಗಿಗಳನ್ನೂ ತನ್ನ ಮದುವೆಯ ಸೀರೆಯನ್ನೂ ಸೇರಿಸಿ ಅವಳೇ ಹೊಲಿದ ಕೌದಿ. ಕೊಡುವಾಗ ಕೈ ಸ್ವಲ್ಪ ತಡೆಯಿತು, ಆದರೂ ಕೊಟ್ಟಳು. ಅಂದು ಅವನು ನಡುಗೆರೆಗೆ ಹೋದ. ತೋಳುದ್ದದ ಮೀನು ತಂದ. ಅವಳು ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿ, “ಅದರಲ್ಲಿ ಮುಳ್ಳು ಜಾಸ್ತಿ, ನನಗೆ ಬೇಡ” ಎಂದಳು.

ಕೂಗು ಮಾತ್ರ ಉದ್ದವಾಗುತ್ತಾ ಹೋಯಿತು. “ಸೌಟು ತಗೊಂಡು ಬಾ! ಮಣೆ ತಗೊಂಡು ಬಾ! ಕೌದಿ ಒದ್ದೆ ಮಾಡದೆ ಬಾ!” ಪಕ್ಕದಲ್ಲಿ ನಿಂತವರು ಮುಸಿಮುಸಿ ನಗುವರು. ಅವಳ ಕಾಲ್ಬೆರಳು ಮತ್ತೆ ಮರಗಟ್ಟತೊಡಗಿದವು. ಎಲ್ಲ ಆ ಸೌಟಿನಿಂದ ಎಂದು ಅವಳು ಸೌಟನ್ನು ಬೈದಳು.

ಚಳಿಗಾಲ ಎಷ್ಟು ದೊಡ್ಡದಾದರೂ ಅದಕ್ಕೂ ಒಂದು ತುದಿ ಇದೆ. ಹಗಲು ಉದ್ದವಾದವು. ಗಡ್ಡೆಯ ಅಂಚಿನಲ್ಲಿ ನೀರು ಕಾಣಿಸಿತು, ದಡದಿಂದ ಗಡ್ಡೆಗೆ ಹಲಗೆ ಹಾಕಿ ದಾಟಬೇಕಾಯಿತು. ಸಲಾಕೆಯವನು ಬಡಿದರೆ ಖಣಿಲು ಅನ್ನುತ್ತಿದ್ದದ್ದು ಈಗ ದೊಪ್ಪೆಂದಿತು. “ಇವತ್ತು ಮುಗೀತು” ಎಂದು ಒಂದು ಬೆಳಗ್ಗೆ ಸಾರಿದ. “ಇವತ್ತು ಕೊನೇ ಗಡ್ಡೆ. ಹೋಗೋರು ಬೇಗ ಹೋಗಿ, ಬೇಗ ಬನ್ನಿ.”

ಕೊನೆಯ ಗಡ್ಡೆಯ ದಿನಕ್ಕೆ ಆ ಊರಿನಲ್ಲಿ ಮರಳಿಸುವ ದಿನ ಎಂದೂ ಹೆಸರು. ಗಡ್ಡೆ ಕರಗಿದ ಮೇಲೆ ಕೆರೆಯ ನೀರು ಬೀದಿಗೆ ಬಂದು ಯಾರ ಪಾತ್ರೆ ಯಾರ ಬಾಗಿಲಿಗೋ ತೇಲಿಹೋಗುತ್ತದೆ. ಆದ್ದರಿಂದ ಅಂದು, ಚಳಿಗಾಲದಲ್ಲಿ ಎರವಲು ತಂದದ್ದೆಲ್ಲ ಅವರವರ ಮನೆಗೆ ಮರಳಬೇಕು. ಎಲ್ಲರೂ ಕೆರೆಯಿಂದ ಬಂದು, ಉಂಡು, ಸಂಜೆ ನಿಧಾನವಾಗಿ ಮರಳಿಸುತ್ತಾರೆ. ಯಾವಾಗ ಎಂದು ಯಾರಿಗೂ ಯಾರೂ ಹೇಳಿಕೊಡುವುದಿಲ್ಲ. ಅಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಯೂ ಇಲ್ಲ.

ಕಾಯದವಳು ಅಂದು ಸ್ವಲ್ಪ ತಡವಾಗಿ ಎದ್ದಳು. ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಮಣೆ. ಮಣೆಯ ಮೇಲೆ ನೀಟಾಗಿ ಮಡಚಿದ ಕೌದಿ. ಕೌದಿಯ ಮೇಲೆ ಬೂದಿ ಹಾಕಿ ಬೆಳಗಿ ಥಳಥಳ ಮಾಡಿಟ್ಟ ಸೌಟು.

ಅವಳಿಗೆ ಮೊದಲು ಹೆಮ್ಮೆಯೇ ಆಯಿತು. ‘ನೋಡು, ಊರಿನ ಪದ್ಧತಿ ಹೇಗೆ ಕಲಿತಿದ್ದಾನೆ!’ ಎಂದುಕೊಂಡಳು. ಎದುರುಮನೆಯವಳನ್ನು ಕರೆದು ತೋರಿಸಬೇಕೆನ್ನಿಸಿತು. ಕರೆದಳು.

“ಎಲ್ಲಿ ಅವನು?”

“ಆಗಲೇ ಹೋದನಲ್ಲಕ್ಕಾ, ಕೆರೆಗೆ. ಎಲ್ಲರಿಗಿಂತ ಮುಂಚೆ ಹೋದ. ಇವತ್ತು ನಾನೂ ಈ ಊರಿನವನೇ ಅಂತ ನಗ್ತಾ ಹೋದ.”

ಇಬ್ಬರೂ ಹೊಸ್ತಿಲು ನೋಡಿದರು. ಅಲ್ಲಿ ಎಲ್ಲವೂ ಇತ್ತು. ಒಂದು ಸೌಟು, ಒಂದು ಮಣೆ, ಒಂದು ಕೌದಿ. ಗಡ್ಡೆಯ ಮೇಲೆ ಅವಳದು ಏನೂ ಇರಲಿಲ್ಲ.

ಅವಳು ಮೂರನ್ನೂ ಬಾಚಿ ಎದೆಗವಚಿಕೊಂಡು ಓಡಿದಳು. ಚಪ್ಪಲಿ ಅಲ್ಲೇ ಉಳಿಯಿತು. ದಡದಲ್ಲಿ ನಿಂತು ನೋಡಿದರೆ ನಡುಗೆರೆಯಲ್ಲಿ ಒಂದು ಕಪ್ಪು ಚುಕ್ಕೆ. ಕೂತಿದೆ.

“ಅಲ್ಲೀವರೆಗೆ ಹೇಗೆ ಹೋದ? ಕೈಯಲ್ಲಿ ಏನೂ ಇಲ್ಲದೆ?” ಎಂದು ಅವಳು ಏದುಸಿರಿನಲ್ಲಿ ಕೇಳಿದಳು.

ಸಲಾಕೆಯವನು ತಲೆ ಕೆರೆದುಕೊಂಡ. “ಅವನು ಹೋಗುವಾಗ ನೀನಿನ್ನೂ ಬಾಗಿಲು ತೆಗೆದಿರಲಿಲ್ಲ. ಸಾಮಾನು ಅವನ ಹತ್ರಾನೇ ಇದೆ ಅಂತ ನೀನು ಅಂದ್ಕೊಂಡಿದ್ದೆ. ನೀನು ಅಂದ್ಕೊಂಡಿದ್ದನ್ನೇ ಗಡ್ಡೆಯೂ ಅಂದ್ಕೊಂಡಿತ್ತು.” ಆಮೇಲೆ ಮೆಲ್ಲಗೆ ಹೇಳಿದ, “ಈಗ ನಿನಗೆ ಗೊತ್ತಾಗಿಬಿಡ್ತಲ್ಲ.”

ಅವನು ಹೇಳುತ್ತಿದ್ದ ಹಾಗೇ ಕೆರೆಯ ಹೊಟ್ಟೆಯಿಂದ ಒಂದು ನರಳಿಕೆ ಎದ್ದು ದಡದವರೆಗೂ ಬಂತು. ಗಡ್ಡೆಯ ಮೇಲೆ ಬಿಳಿ ಗೆರೆಯೊಂದು ಓಡಿತು. ಮಿಕ್ಕವರೆಲ್ಲ ಲಗುಬಗೆಯಿಂದ ಗಾಳ ಸುತ್ತಿಕೊಂಡು ದಡದ ಕಡೆ ನಡೆದರು. ಅವರವರಿಗೆ ಕಾಯುವವರು ಅವರವರನ್ನು ಕೈಹಿಡಿದು ಹಲಗೆ ದಾಟಿಸಿಕೊಂಡರು. ನಡುಗೆರೆಯ ಚುಕ್ಕೆಯೂ ಎದ್ದು ನಿಂತಿತು.

ಅವಳಿಗೆ ಯಾಕಾದರೂ ಬಾಗಿಲು ತೆಗೆದೆನೋ ಅನ್ನಿಸಿತು. ನೋಡಿದ್ದನ್ನು ನೋಡಿಲ್ಲ ಎನ್ನಲು ಆಗುತ್ತದೆಯೇ? ಗಡ್ಡೆಯ ಮೇಲೆ ತನ್ನದು ಏನಾದರೂ ಇರಲೇಬೇಕು. ಅವಳು ಸೌಟನ್ನು ಬೀಸಿ ಎಸೆದಳು. ಅದು ಗಡ್ಡೆಯ ಮೇಲೆ ಟಣಟಣ ಜಾರಿಕೊಂಡು ಹೋಗಿ, ಬಿರುಕಿನ ಬಾಯಲ್ಲಿ ನಿಂತು, ಬುಳುಕ್ಕನೆ ಮುಳುಗಿತು. ಮಣೆಯನ್ನು ಎಸೆದಳು. ಅದು ಅಂಚಿನ ನೀರಿನಲ್ಲೇ ಬಿದ್ದು ತೇಲಿತು. ಕೌದಿಯನ್ನು ಬಿಚ್ಚಿ ಬಲೆಯಂತೆ ಬೀಸಿದಳು. ಅದು ಹಸಿ ಗಡ್ಡೆಗೆ ಅಂಟಿ, ನೀರು ಕುಡಿದು ಕುಡಿದು, ಅಂಗಿಯ ಚೌಕ, ಸೀರೆಯ ಚೌಕ, ಒಂದೊಂದಾಗಿ ಒಳಗೆ ಹೋಯಿತು.

“ಅಯ್ಯೋ ಅಕ್ಕಾ, ನಿನ್ನ ಸೌಟು! ಹೋಯ್ತಲ್ಲೇ ಸೌಟು!” ಎಂದು ಎದುರುಮನೆಯವಳು ಅವಳ ತೋಳು ಹಿಡಿದು ಕೂಗಿದಳು.

“ಯಾವ ಸೌಟು?” ಎಂದಳು ಅವಳು.

ಅವಳು ಅತ್ತ ನೋಡುತ್ತಲೇ ಇರಲಿಲ್ಲ. ಸೌಟು ಮುಳುಗಿದ್ದನ್ನು ಊರೆಲ್ಲ ನೋಡಿತು, ಅವಳು ನೋಡಲಿಲ್ಲ. ಅವಳ ಕಣ್ಣು ನಡುಗೆರೆಯ ಚುಕ್ಕೆಯ ಮೇಲಿತ್ತು. ಚುಕ್ಕೆ ಒಂದು ಹೆಜ್ಜೆ ಇಟ್ಟಿತು. ಅವಳು ಉಸಿರು ಬಿಟ್ಟಳು. ಇನ್ನೊಂದು ಇಟ್ಟಿತು. ಅವಳಿಗೆ ಕೂಗಬೇಕಾಗಿತ್ತು, ಏನೆಂದು ಕೂಗಬೇಕು? ಸೌಟು ತಗೊಂಡು ಬಾ ಎನ್ನಲು ಸೌಟಿಲ್ಲ. ಅನ್ನ ಆರ್ತಾ ಇದೆ ಎನ್ನಲು ಒಲೆಯನ್ನೇ ಹೊತ್ತಿಸಿರಲಿಲ್ಲ. ಹೆಸರು ಹಿಡಿದು ಕರೆಯೋಣವೆಂದರೆ ಇಡೀ ಚಳಿಗಾಲ ಅವನ ಹೆಸರು ಕೇಳುವ ಪುರಸೊತ್ತು ಅವಳಿಗಾಗಿರಲಿಲ್ಲ.

“ಬಾ!” ಎಂದಳು. ಒರಟು ಗಂಟಲು ಅಷ್ಟನ್ನೇ ಹೊರಗೆ ಬಿಟ್ಟಿತು. “ಬಾರಪ್ಪಾ! ಬಾ!”

ಗಡ್ಡೆ ಕೇಳಿಸಿಕೊಂಡಿತು. ನಡುಗೆರೆಯಿಂದ ದಡದವರೆಗೆ, ಬೆಳ್ಳಗೆ ಪುಡಿಯಾಗುತ್ತಿದ್ದ ಗಡ್ಡೆಯ ನಡುವೆ, ಒಂದು ಕಾಲುದಾರಿ ಕಪ್ಪಗಾಗುತ್ತಾ ಬಂತು. ಅವನು ಹೆಜ್ಜೆ ಎತ್ತಿದ ಕಡೆ ನೀರಾಯಿತು, ಇಟ್ಟ ಕಡೆ ಕಲ್ಲಾಯಿತು. ಸಲಾಕೆಯವನು ಬಗ್ಗಿ ದಡದ ಅಂಚನ್ನು ಒಮ್ಮೆ ಬಡಿದು ನೋಡಿದ. ಖಣಿಲು ಎಂದಿತು. ಮೊದಲ ಚಳಿಗೆ ಹೊಸ ಮದುಮಗನ ಕಾಲಡಿಯಲ್ಲೂ ಅವನು ಅಂಥ ಸದ್ದು ಕೇಳಿರಲಿಲ್ಲ. ಸಲಾಕೆಯನ್ನು ಹೆಗಲಿಗಿಟ್ಟುಕೊಂಡು ಟೋಪಿ ತೆಗೆದ.

ಅವಳು ಬಾ ಬಾ ಅನ್ನುತ್ತಲೇ ಇದ್ದಳು. ಅವನು ಹಲಗೆಯ ಮೇಲೆ ಕಾಲಿಟ್ಟಾಗಲೂ ಅನ್ನುತ್ತಿದ್ದಳು. ಅವನು ಎದುರಿಗೆ ಬಂದು ನಿಂತ ಮೇಲೆ ನಿಲ್ಲಿಸಿ, ಅವನ ಹೆಗಲಿಗೆ ಎರಡು ಏಟು ಬಲವಾಗಿಯೇ ಹಾಕಿದಳು. ಆಮೇಲೆ ಅದೇ ಹೆಗಲನ್ನು ಹಿಡಿದುಕೊಂಡು ಅತ್ತಳು.

ಅವನು ಏನೋ ತಪ್ಪು ಮಾಡಿದವನ ಹಾಗೆ ನಿಂತಿದ್ದ. ಅವನ ಅಂಗಿಯ ಜೇಬುಗಳೆಲ್ಲ ಒಳಮೈ ಹೊರಗಾಗಿ ನೇತಾಡುತ್ತಿದ್ದವು.

“ನಡುಗೆರೆಗೆ ಹೋಗಿ ಕೂತ ಮೇಲೆ ನೆನಪಾಯ್ತಮ್ಮಾ, ಕೈ ಖಾಲಿ ಅಂತ” ಎಂದ. “ಮುಗೀತು ಅಂದ್ಕೊಂಡೆ. ಆದರೆ ಗಡ್ಡೆ ಮುರೀಲಿಲ್ಲ. ಹಾಗಾದ್ರೆ ನಿಮ್ಮದೇನೋ ಒಂದು ವಾಪಸ್ ಕೊಡೋದು ಮರೆತಿದೀನಿ ಅಂತ ಗೊತ್ತಾಯ್ತು. ದಾರಿಯುದ್ದಕ್ಕೂ ಹುಡುಕಿಕೊಂಡೇ ಬಂದೆ. ಜೇಬು ನೋಡಿದೆ, ಸೊಂಟ ನೋಡಿದೆ, ಬೂಟು ಬಿಚ್ಚಿ ನೋಡಿದೆ. ಏನೋ ಇದೆ, ನಿಜವಾಗ್ಲೂ ಇದೆ. ಸಿಗ್ತಾ ಇಲ್ಲ, ಕ್ಷಮಿಸಿ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನೇತಾಡುತ್ತಿದ್ದ ಅವನ ಜೇಬುಗಳನ್ನು ಒಂದೊಂದಾಗಿ ಒಳಕ್ಕೆ ತೂರಿಸಿ ಸರಿ ಮಾಡಿದಳು.

“ಇನ್ನು ಹುಡುಕಬೇಡ” ಎಂದಳು. “ಸಿಕ್ಕರೂ ವಾಪಸ್ ಕೊಡಬೇಡ.”